ಕೊನೆಯ ನುಡಿ ಬರೆಯದ ಪುಸ್ತಕ

ಅವರ್ಸಾ,
೧೮ ನವೆಂಬರ್ ೨೦೦೭

ಪ್ರೀತಿಯ ಕಲಾವತಿಗೆ,

ಎಡಿನ್‌ಬರೋದಿಂದ ನೀನು ಬರೆದ ಪತ್ರ ಮೊನ್ನೆ ಕೈಸೇರಿತು. "ಮಾನ್ಯರೇ" ಎಂದು ಶುರು ಮಾಡಿದ್ದೀಯಲ್ಲ, ಓದಿ ಲಕೋಟೆಯ ಮೇಲಿನ ಹೆಸರನ್ನು ಮತ್ತೊಮ್ಮೆ ನೋಡಿದೆ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಗಂಡನನ್ನು ಮಾನ್ಯರೇ ಎಂದು ಕರೆದರೆ ಮುಂದಿನ ಸಾಲಿನಲ್ಲಿ ವಕೀಲರ ಹೆಸರು ಇರುತ್ತದೆ ಅಂತಲೇ ಯಾರಿಗಾದರೂ ಅನಿಸಬೇಕು. ಆಮೇಲೆ ತಿಳಿಯಿತು, ಇದು ನಿಮ್ಮ ಹಸ್ತಪ್ರತಿ ಭಂಡಾರದ ಪರವಾಗಿ ಬರೆದದ್ದು. ಕೆಳಗೆ ಮೊಹರು. ಮೊಹರಿನ ಕೆಳಗೆ, ಜಾಗ ಸಾಲದೆ ಓರೆಯಾಗಿ, ನಿನ್ನ ಕೈಬರಹ: ಇಲ್ಲಿ ಇನ್ನೂ ಮೂರು ವರ್ಷ ಇರು ಎನ್ನುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು. ಅಷ್ಟೇ. ಅದರ ಹಿಂದೆ ಮುಂದೆ ಏನೂ ಇಲ್ಲ. ಆ ಸಾಲಿಗೆ ಉತ್ತರ ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಉಳಿದದ್ದಕ್ಕೆ ಕೈ ಓಡುವುದಿಲ್ಲ.

ಮೊದಲು ಕಚೇರಿಯ ಕೆಲಸ. ನೀನು ಕಳಿಸಿದ ಫೋಟೋ ನೋಡಿದೆ. ನಮ್ಮ ದೋಣಿ ಹಾಡಿನ ಪುಸ್ತಕವೇ, ಸಂಶಯ ಬೇಡ. ನಿನ್ನ ಅತ್ತೆ, ನಮ್ಮ ಆಯಿ, ಹೇಳುತ್ತಿದ್ದ ಹಾಗೆಯೇ ಇದೆ. ಮುತ್ತಜ್ಜ ಅಂಚಿನಲ್ಲೆಲ್ಲ ಹಾಡುವವರಿಗೆಂದು ಬರೆದಿಟ್ಟಿದ್ದಾನೆ ನೋಡು: "ಇಲ್ಲಿ ಉಸಿರು", "ಇಲ್ಲಿ ಅವಸರ ಬೇಡ, ಗಾಳಿ ಬಿದ್ದಿದೆ", "ಇಲ್ಲಿ ಹುಡುಗಿಯ ತಾಯಿ ಅಳುತ್ತಾಳೆ, ಹಾಡುವವಳು ಅಳಬಾರದು". ಮೂಲೆಯ ಕೆಂಪು ಕಲೆ ಪೂಜೆಯ ಬಣ್ಣವಿರಬಹುದೆಂದು ನಿಮ್ಮ ತಜ್ಞರು ಬರೆದಿದ್ದಾರಂತೆ. ಅದು ಮುರುಗಲ ಹಣ್ಣಿನ ಶರಬತ್ತು. ಹಾಡುವವಳ ಪಕ್ಕ ಒಂದು ಲೋಟ ಇಡುವುದು ನಮ್ಮಲ್ಲಿ ಈಗಲೂ ಇದೆ. ಯಾರೋ ಚೆಲ್ಲಿದ್ದಾರೆ. ನೂರು ವರ್ಷದ ಹಿಂದೆಯೂ ನಮ್ಮ ಮನೆಯಲ್ಲಿ ನನ್ನಂಥ ಒಬ್ಬ ಇದ್ದ ಎಂದು ಸಮಾಧಾನವಾಯಿತು.

ಆದರೆ ಪೆನ್ಸಿಲ್ಲಿನ ಟಿಪ್ಪಣಿ ಓದಿ ಮಾತ್ರ ಮೈ ಉರಿಯಿತು. ಮದುಮಗಳು ತವರಿನ ದಡದಿಂದ ದೋಣಿ ಹತ್ತುತ್ತಾಳೆ, ಸುಳಿ ದಾಟುತ್ತಾಳೆ, ಮಳೆಗೆ ಸಿಗುತ್ತಾಳೆ, ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಪುಸ್ತಕವನ್ನು ನಿಮ್ಮ ಊರಿಗೆ ಒಯ್ದ ಆ ಬಿಳಿ ಸಾಹೇಬ ಕೆಳಗೆ ತನ್ನ ಭಾಷೆಯಲ್ಲಿ ಬರೆದಿದ್ದಾನೆ, ಹುಡುಗಿ ಮುಳುಗಿ ಸತ್ತಿರಬೇಕು ಅಂತ! ನಿಮ್ಮವರು ಅದನ್ನೇ ಹಿಡಿದು ಸೂಚಿಯಲ್ಲಿ "ಅಪೂರ್ಣ, ಕೊನೆಯ ಹಾಳೆ ಕಳೆದಿದೆ, ದುರಂತ ಗೀತೆ" ಎಂದು ಅಚ್ಚು ಹಾಕುತ್ತಾರಂತೆ. ಮದುವೆ ಮನೆಯಲ್ಲಿ ಹಾಡುವ ಹಾಡು, ಮಾರಾಯ್ತಿ! ಯಾವ ಪುಣ್ಯಾತ್ಮ ಮದುವೆಯ ಮುನ್ನಾದಿನ ಹುಡುಗಿಯನ್ನು ಮುಳುಗಿಸುತ್ತಾನೆ?

ನೀನು ನಿನ್ನ ಮೇಲಿನವರಿಗೆ ನಮ್ಮ ಮನೆಯ ಕ್ರಮ ಹೇಳಿದ್ದೀಯಂತೆ, ಅವರು ನಂಬಲಿಲ್ಲವಂತೆ. ಅವರಿಗೆ ಮತ್ತೊಮ್ಮೆ ಹೇಳು, ನಾನು ಬರೆದುಕೊಟ್ಟೆ ಎಂದು ಹೇಳು. ಹಾಳೆ ಕಳೆದಿಲ್ಲ. ಕೊನೆಯ ನುಡಿಯನ್ನು ನಮ್ಮವರು ಯಾವತ್ತೂ ಪುಸ್ತಕದಲ್ಲಿ ಬರೆದವರಲ್ಲ. ಯಾರು ಬೇಕಾದರೂ ಪುಸ್ತಕ ಒಯ್ದು ನಕಲು ಮಾಡಿಕೊಳ್ಳಬಹುದು. ನಕಲು ಮುಗಿಸಿ ಪುಸ್ತಕ ವಾಪಸು ತಂದ ದಿನ ಮನೆಯ ಹಿರಿಯಳು ಎದುರು ಕೂರಿಸಿಕೊಂಡು ಕೊನೆಯ ನುಡಿ ಹಾಡುತ್ತಾಳೆ, ಆಗ ಅದನ್ನು ತಮ್ಮ ಪ್ರತಿಯಲ್ಲಿ ಬರೆದುಕೊಳ್ಳಬೇಕು. ತರದಿದ್ದರೆ ಅವರ ದೋಣಿ ನೀರಿನಲ್ಲೇ. ಕಾರವಾರ ಬಂದರಿನಲ್ಲಿದ್ದ ಆ ಸಾಹೇಬನ ಗುಮಾಸ್ತ ಪುಸ್ತಕ ಒಯ್ದ, ಚೆಂದವಾಗಿ ನಕಲೂ ಮಾಡಿದ, ಅಷ್ಟರಲ್ಲಿ ಸಾಹೇಬನ ಹಡಗು ಹೊರಟಿತು. ಅಸಲು ನಕಲು ಎರಡೂ ಅದೇ ಪೆಟ್ಟಿಗೆ ಸೇರಿ ನಿಮ್ಮ ಊರಿಗೆ ಬಂದಿವೆ. ಎರಡರಲ್ಲೂ ಆ ನುಡಿ ಇಲ್ಲ ಎಂದು ನೀನೇ ಬರೆದಿದ್ದೀಯ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕಂತೆ ಅವರಿಗೆ?

ನುಡಿಯೇ ಬೇಕು ಎನ್ನುತ್ತಾರೆ, ಸರಿ. ನೀನು ಬರೆದಿದ್ದೀಯ: "ನಾನು ಬರೆದುಕೊಂಡ ಹಾಳೆ ಅರ್ಗಾದ ಮನೆ ಬಿಡುವಾಗ ಕಳೆದುಹೋಯಿತು, ನುಡಿ ಮರೆತುಹೋಗಿದೆ, ಈಗ ಅದು ಗೊತ್ತಿರುವುದು ನಿಮಗೊಬ್ಬರಿಗೇ, ದಯವಿಟ್ಟು ಕಳಿಸಿಕೊಡಿ."

ಮರೆತುಹೋಗಿದೆ ಎಂದು ಓದಿದಾಗ ಆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ನೀನು ಪುಸ್ತಕ ವಾಪಸು ತಂದ ದಿನವನ್ನು ಹೇಗೆ ಮರೆಯುತ್ತೀ? ಅಸಲು ಹೋದ ಮೇಲೆ ಅಜ್ಜ ನೆನಪಿನಿಂದ ಮತ್ತೆ ಬರೆದಿಟ್ಟ ಪುಸ್ತಕ ಅದು. ನೀನು ಆಗ ಕಾರವಾರದ ಕಾಲೇಜಿನ ಹುಡುಗಿ, ಒಯ್ದು ಮಳೆಗಾಲವಿಡೀ ಇಟ್ಟುಕೊಂಡಿದ್ದೆ. ಆಯಿ ದಿನಾ ನನ್ನನ್ನು ಬಯ್ಯುತ್ತಿದ್ದಳು, "ಯಾರ್ ಯಾರಿಗೋ ಕೊಟ್ ಕಳ್ಸೂದು, ಆಮೇಲೆ ದಾರಿ ಕಾಯೂದು. ಅದು ಬರೂದಿಲ್ಲ ತಕಾ." ನೀನು ಬಂದೆ. ಸೀರೆಯ ಅಂಚೆಲ್ಲ ಕೆಸರು, ಪುಸ್ತಕ ಮಾತ್ರ ಎರಡು ಪ್ಲಾಸ್ಟಿಕ್ ಚೀಲದೊಳಗೆ ಚೂರೂ ನೆನೆಯದೆ ಇತ್ತು. ಆಯಿ ಚೀಲ ಬಿಚ್ಚಿ ನೋಡಿ, ನಿನ್ನ ಮುಖ ನೋಡಿ, "ಹುಡ್ಗಿ ಅಡ್ಡಿಲ್ಲ" ಎಂದು ಕೊಂಕಣಿಯಲ್ಲಿ ನನಗೊಬ್ಬನಿಗೇ ಹೇಳಿದಳು. ನಿನಗೆ ಕೊಂಕಣಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನೀನು ತಲೆ ತಗ್ಗಿಸಿ ನಕ್ಕೆ. ಆಮೇಲೆ ಆಯಿ ಹಾಡಿದಳು, ನೀನು ಬರೆದುಕೊಂಡೆ, ನಾನು ಜಗಲಿಯ ಕಂಬಕ್ಕೆ ಒರಗಿ ನಿಂತು ಹಾಡು ಮುಗಿಯದಿರಲಿ ಎಂದು ಕಾಯುತ್ತಿದ್ದೆ.

ಅರ್ಗಾದ ಆ ಕಂಬ, ಆ ಜಗಲಿ ಈಗ ಊರನ್ನೇ ಎಬ್ಬಿಸಿ ಕಟ್ಟಿದ ನೌಕಾನೆಲೆಯ ಗೋಡೆಯೊಳಗೆ. ಬಸ್ಸಿನಲ್ಲಿ ಕಾರವಾರಕ್ಕೆ ಹೋಗುವಾಗ ಎಡಗಡೆ ಕೂರುವುದನ್ನು ಬಿಟ್ಟಿದ್ದೇನೆ. ನೀನೇ ಎಷ್ಟೋ ಸಲ ಹೇಳಿದ್ದೆ, ಅರ್ಗಾದಿಂದ ಎದ್ದು ಬಂದ ಮೇಲೆ ನಾನು ಮಾತು ಮರೆತವನಾಗಿದ್ದೇನೆ ಎಂದು. ಆಯಿ ತೀರಿಹೋದ ಮೇಲೆ ಅದು ಇನ್ನೂ ಹೆಚ್ಚಾಯಿತು. ಮರುವರ್ಷ ನಿನಗೆ ಅಲ್ಲಿಂದ ಕರೆ ಬಂತು, ಹಳೆಯ ಕನ್ನಡ ಕೈಬರಹ ಓದುವವರು ಬೇಕೆಂದು. ನೀವೂ ಬನ್ನಿ ಎಂದೆ ನೀನು. ಒಮ್ಮೆ ಎದ್ದು ಬಂದವನಿಗೆ ಇನ್ನೊಮ್ಮೆ ಏಳಲು ಮನಸ್ಸಾಗಲಿಲ್ಲ. ನೀನು ಹೋಗು ಎಂದೆ ನಾನು. ನಾನು ಬೇಡ ಎಂದಿದ್ದರೆ ನೀನು ನಿಂತೇ ಬಿಡುತ್ತಿದ್ದೆ, ಅದು ನನಗೆ ಗೊತ್ತಿತ್ತು.

ಅಂಕೋಲೆಯ ನನ್ನ ಝೆರಾಕ್ಸ್ ಅಂಗಡಿ ನಡೆಯುತ್ತಿದೆ. ಬೇಲೆಕೇರಿಗೆ ಅದಿರಿನ ಲಾರಿಗಳು ಹಗಲಿಡೀ ಕೆಂಪು ಧೂಳೆಬ್ಬಿಸಿ ಓಡುವುದರಿಂದ ಯಂತ್ರಕ್ಕೆ ಬಟ್ಟೆ ಹೊದಿಸಿ ಇಡಬೇಕು, ಇಲ್ಲದಿದ್ದರೆ ಎಲ್ಲರ ರೇಷನ್ ಕಾರ್ಡೂ ಕೆಂಪಗೆ ಬರುತ್ತದೆ. ಕೊನೆಯ ನುಡಿಯನ್ನು ಬರೆದೂ ಕೊಡದ ಮನೆತನದವನು ಇಡೀ ದಿನ ಕಂಡವರ ಕಾಗದದ ಕೊನೆಯ ಪುಟದವರೆಗೆ ನಕಲು ತೆಗೆದುಕೊಡುತ್ತೇನೆ, ಮುತ್ತಜ್ಜ ನೋಡಿದರೆ ಏನೆನ್ನುತ್ತಿದ್ದನೋ! ಮೀನು ತರುವ ಸೋಮಿ ನಿನ್ನೆ ಬುಟ್ಟಿ ಇಳಿಸಿ ಕೇಳಿದಳು, "ಅಮ್ಮೋರು ಯಾವಾಗ ಬತ್ರು? ನೀವು ಒಬ್ರೇ ಎಷ್ಟ್ ಬಂಗಡೆ ತಿಂತ್ರಿ?" ನಗುತ್ತಾ ಬರುತ್ತಾರೆ ಬರುತ್ತಾರೆ ಎಂದೆ. ಅವಳು ಹೋದ ಮೇಲೆ ಒಲೆ ಹಚ್ಚಲು ಬೇಜಾರಾಗಿ ಬಂಗಡೆಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ನಿನ್ನ ನೆನಪು ಬರುತ್ತದೆ ಕಲಾ. ಇದನ್ನು ಬೂತಿನ ಫೋನಿನಲ್ಲಿ ಹೇಳಲು ಆಗುವುದಿಲ್ಲ, ಹಿಂದೆ ಯಾರಾದರೂ ಪಾಳಿಯಲ್ಲಿ ನಿಂತಿರುತ್ತಾರೆ. ನೀನು ಬಿಟ್ಟುಹೋದ ಕೊಡೆ ಬಾಗಿಲ ಹಿಂದೆಯೇ ಇದೆ. ಈ ಮಳೆಗಾಲದಲ್ಲಿ ಅದನ್ನು ತೆಗೆಯಲಿಲ್ಲ, ನೆನೆದುಕೊಂಡೇ ಓಡಾಡಿದೆ.

ಈಗ ನಿಮ್ಮ ಭಂಡಾರಕ್ಕೆ ನನ್ನ ಉತ್ತರ. ಕೊನೆಯ ನುಡಿ ಕಳಿಸುವುದಿಲ್ಲ. ಸಿಟ್ಟಿನಿಂದಲ್ಲ. ಪುಸ್ತಕ ವಾಪಸು ಬಾರದೆ ಹಾಡುವ ಹಾಗಿಲ್ಲ, ಸಾಹೇಬನಿಗಿದ್ದ ನಿಯಮವೇ ನಿಮ್ಮ ಭಂಡಾರಕ್ಕೂ. ಯಾವ ಮನೆಗೆ ವಾಪಸು ತರುವುದು ಎಂದು ಅವರು ಕೇಳಬಹುದು. ಮನೆ ಹೋದರೂ ಹಾಡುವವನು ಅವರ್ಸಾದಲ್ಲಿದ್ದಾನೆ ಎನ್ನು. ಹುಡುಗಿ ಮುಳುಗಿಲ್ಲ ಎಂಬುದನ್ನು ಮಾತ್ರ ಖಂಡಿತ ಅಚ್ಚು ಹಾಕಿಸು. "ಅಪೂರ್ಣ" ಎಂಬ ಮಾತನ್ನು ಹೊಡೆಸು.

ಇನ್ನು ನಿನ್ನ ಓರೆ ಸಾಲಿಗೆ. ಮೂರು ವರ್ಷ ಇರಬೇಕೋ ಬೇಡವೋ, ಅದು ನಿನ್ನ ಕೆಲಸ, ನಿನ್ನ ಇಷ್ಟ. ನನ್ನದೇನೂ ಅಡ್ಡಿಯಿಲ್ಲ. ಚಳಿಗೆ ಬೆಚ್ಚಗಿರು.

ನಿನ್ನ ಮಾನ್ಯ,
ದೇವಾನಂದ

ತಾ. ಕ.: ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ಅಡ್ಡಿಯಿಲ್ಲ ಎಂದು ಬರೆದದ್ದು ಸುಳ್ಳು. ಅಡ್ಡಿ ಇದೆ.

ಇನ್ನೊಂದು ವಿಷಯ ಮೇಲೆ ಬರೆಯದೆ ಬಿಟ್ಟೆ. ಚೌತಿಯ ದಿನ ನಾನು ಫೋನ್ ಮಾಡಿದಾಗ ನಿನ್ನ ಕುಕ್ಕರ್ ಕೂಗಿತು, ಒಂದು ನಿಮಿಷ ಎಂದು ಫೋನ್ ಪಕ್ಕಕ್ಕಿಟ್ಟು ಹೋದೆಯಲ್ಲ? ಒಲೆಯ ಹತ್ತಿರ ನೀನು ಗುನುಗುತ್ತಿದ್ದದ್ದು ನನಗೆ ಕೇಳುತ್ತಿತ್ತು. ಕೊನೆಯ ನುಡಿ. ಆಯಿ ಎಳೆಯುತ್ತಿದ್ದಲ್ಲಿ ಎಳೆದೆ, ಅವಳು ಉಸಿರು ತೆಗೆಯುತ್ತಿದ್ದಲ್ಲೇ ತೆಗೆದೆ, ದೋಣಿ ದಡ ಮುಟ್ಟುವವರೆಗೆ ಒಂದು ಅಕ್ಷರ ಬಿಡಲಿಲ್ಲ. ಬೂತಿನ ಬಾಬು ಗಾಜು ಬಡಿದು, "ಮಾತಾಡೂದಿದ್ರೆ ಮಾತಾಡಿ, ಸುಮ್ನೆ ಹಿಡ್ಕಂಡ್ ನಿಂತ್ರೂ ಮೀಟರ್ ಓಡ್ತದೆ" ಎಂದ. ಓಡಲಿ ಎಂದು ಕೈಸನ್ನೆ ಮಾಡಿದೆ. ನೀನು ಮರೆತಿಲ್ಲ ಕಲಾ. ಬಾಯಲ್ಲೇ ಇದ್ದದ್ದನ್ನು ನಿನ್ನ ಮೇಲಿನವರಿಗೂ ಹೇಳದೆ, ನಮ್ಮ ಮನೆಯ ಕ್ರಮ ಕಾದುಕೊಂಡು, ಗೊತ್ತಿಲ್ಲದವಳ ಹಾಗೆ ನನ್ನನ್ನೇ ಕೇಳಿದ್ದೀಯ. ನೀನು ಯಾಕೆ ಕೇಳಿದೆ, ನನ್ನ ಬಾಯಿಂದ ಯಾವ ಮಾತು ಬೇಕಿತ್ತು ಎಂದು ಅಂಚೆ ಡಬ್ಬಿಯ ಮುಂದೆ ನಿಂತಾಗ ಹೊಳೆಯಿತು.

ಪುಸ್ತಕ ಅಲ್ಲೇ ಇರಲಿ, ನೀನು ಬಾ. ಬಂದು ನೀನೇ ಹಾಡು. ಈ ಮನೆಗೆ ಕಂಬವಿಲ್ಲ, ಬಾಗಿಲಿಗೆ ಒರಗಿ ನಿಲ್ಲುತ್ತೇನೆ.