ಕಂಬಕ್ಕೆ ಇಟ್ಟ ಕುಂಕುಮ

ಲೂಕನ್,
೧೨ ಅಕ್ಟೋಬರ್ ೨೦೨೫, ಭಾನುವಾರ

ಮೈಸೂರು ಸೇರಿ ನಮ್ಮನ್ನು ಮರೆತಿರುವ ಶ್ರೀನಿಧಿಯವರಿಗೆ, ಪ್ರೀತಿಯ ನಮಸ್ಕಾರ.

ಅತ್ತಿಗೆಯ ಮಂಡಿ ಹೇಗಿದೆ? ಆಪರೇಷನ್ ಆಯಿತೆಂದು ಕೂತೇ ಇದ್ದರೆ ಬಿಗಿದುಕೊಳ್ಳುತ್ತದೆ, ಡಾಕ್ಟರ್ ವೇದಾ ಬೈಯುತ್ತಾಳೆ ಎಂದು ಹೆದರಿಸಿ ನಡೆಸಿ. ನಿಮಗೆ ನಿದ್ದೆ ಬರುತ್ತಿದೆಯೇ? ನನಗಂತೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ಐಶು ಪಕ್ಕದಲ್ಲೇ ಇರುತ್ತಾಳೆ. ನಿಮ್ಮ ಮಗಳಿಗೆ ಕನ್ನಡ ಕಿವಿಗೆ ಬಿದ್ದರೆ ಎಲ್ಲ ತಿಳಿಯುತ್ತದೆ, ಓದಲು ಮಾತ್ರ ಬಾರದು. ಅದಕ್ಕೇ ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅವಳಿಗೆ ಅಕ್ಷರ ಕಲಿಸದ ನಮ್ಮ ಸೋಮಾರಿತನ ಇವತ್ತು ಉಪಯೋಗಕ್ಕೆ ಬಂತು.

ಶೆಡ್ಡಿನಲ್ಲಿ ನೀವು ಅರ್ಧಕ್ಕೆ ಬಿಟ್ಟುಹೋದ, ಕಿಡಿ ಹಾರಿಸುವ ಇಪ್ಪತ್ತು ಸಾವಿರ ವೋಲ್ಟಿನ ಯಂತ್ರವನ್ನು ಅವಳೇ ಮುಗಿಸಿದಳು. ಮೇಲಿನ ಲೋಹದ ಗುಂಡಿನಿಂದ ಕರೆಂಟ್ ಕೆಳಗಿನ ಪೆಟ್ಟಿಗೆಗೆ ಇಳಿಯದ ಹಾಗೆ ನಡುವೆ ಪ್ಲಾಸ್ಟಿಕ್ ಕಂಬ ನಿಲ್ಲಿಸಿ, ಒಳಗಿನ ತಂತಿಗಳ ಸುತ್ತ ಮೇಣ ಕರಗಿಸಿ ಸುರಿದಳು. ಒಂದು ಗುಳ್ಳೆ ಉಳಿದರೂ ಕರೆಂಟ್ ಅಲ್ಲೇ ದಾರಿ ಮಾಡಿಕೊಳ್ಳುತ್ತದೆಯಂತೆ. ನನ್ನ ಹಾಲಿನ ಪಾತ್ರೆ ಮೇಣಕ್ಕೆ ಆಹುತಿಯಾಯಿತು. ಹೋದರೆ ಹೋಗಲಿ, ಅವಳ ಕೆಲಸ ನೋಡಿ ಹೊಟ್ಟೆ ತುಂಬಿತು.

ಆಯುಧಪೂಜೆಯ ದಿನ ಕಾರು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮವಿಟ್ಟೆ. ಐಶು ಸ್ಕೂಲಿಗೆ ಹೋಗಿದ್ದಳು. ಮಗಳ ಯಂತ್ರವನ್ನೊಂದೇ ಬಿಡುವುದು ಹೇಗೆ? ಕಂಬದ ತಲೆಗೂ ಅರಿಸಿನ ಕುಂಕುಮ ಹಚ್ಚಿದೆ. ಕಲಸಿದ ನೀರು ಹೆಚ್ಚಾಗಿ ಬುಡದವರೆಗೂ ಸೋರಿತು. ಎಲ್ಲವನ್ನೂ ದುಪಟ್ಟಾದಲ್ಲಿ ಒರೆಸಿ ಬಂದೆ, ಆದರೂ ಸೋರಿದ ಕಡೆ ಕಣ್ಣಿಗೆ ಕಾಣದ ಪಸೆಯೊಂದು ಗೆರೆಯಾಗಿ ಉಳಿದಿರಬೇಕು. ಮೊನ್ನೆ ಅವಳು ಸ್ವಿಚ್ ಹಾಕಿದಾಗ ಕಿಡಿ ಸರಿಯಾಗಿ ಅದೇ ಗೆರೆ ಹಿಡಿದು ಇಳಿದು ಪೆಟ್ಟಿಗೆಗೆ ಹೊಡೆಯಿತು. ಕಂಬದ ಮೇಲೆ ಕಪ್ಪಗೆ ಸುಟ್ಟ ಗುರುತು ಬಿದ್ದಿದೆ. ನೀವು ಹೇಳಿಕೊಟ್ಟಂತೆ ದೂರ ನಿಂತು, ಕರೆಂಟ್ ಎದೆ ಹಾಯದಿರಲೆಂದು ಒಂದು ಕೈ ಜೇಬಿನಲ್ಲೇ ಇಟ್ಟುಕೊಂಡಿದ್ದಳು, ಹಾಗಾಗಿ ಏನೂ ಆಗಲಿಲ್ಲ. "ಐ ಆಮ್ ಗ್ರ್ಯಾಂಡ್, ಅಮ್ಮಾ" ಎಂದಳು, ಇಲ್ಲಿನ ಐರಿಶ್ ಮಕ್ಕಳಂತೆ, ಏನೂ ಆಗದವಳ ಹಾಗೆ. ಕರೆಂಟ್ ಹೊಡೆಸಿಕೊಂಡವರ ಕೈಗಳನ್ನು ಆಸ್ಪತ್ರೆಯಲ್ಲಿ ನೋಡಿದವಳು ನಾನು.

ಕುಂಕುಮದ ವಿಷಯ ಅವಳಿಗೆ ಗೊತ್ತಿಲ್ಲ. ತಾನು ಸುರಿದ ಮೇಣದ ಇನ್ಸುಲೇಷನ್ನೇ ಸರಿಯಿಲ್ಲ ಎಂದುಕೊಂಡಿದ್ದಾಳೆ. ಬರುವ ಶನಿವಾರ ಸ್ಕೂಲಿನಲ್ಲಿರುವ ವಿಜ್ಞಾನ ಪ್ರದರ್ಶನದಿಂದ ಹೆಸರು ತೆಗೆಸುತ್ತಾಳಂತೆ. "ಐ ಆಮ್ ಯೂಸ್‌ಲೆಸ್ ಅಟ್ ದಿಸ್" ಅನ್ನುತ್ತ ಮೇಣ ಕೆರೆಯುತ್ತ ಕೂತಿದ್ದಾಳೆ. ನಿಜ ಹೇಳಿದರೆ ನಾಳೆಯೇ ಮತ್ತೆ ಸ್ವಿಚ್ ಹಾಕುತ್ತಾಳೆ. ಹೇಳದಿದ್ದರೆ ಮಗಳು ಕ್ಷೇಮ, ಆದರೆ ತನ್ನ ಕೈಯನ್ನೇ ನಂಬದವಳಾಗುತ್ತಾಳೆ. ಅಡುಗೆಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಅಡುಗೆಮನೆಗೆ ಸುಮ್ಮನೆ ಓಡಾಡುತ್ತಿದ್ದೇನೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ, ಅವಳು ಗಮನಿಸದೆ ಉಂಡು ಎದ್ದಳು. ಎಲ್ಲದಕ್ಕೂ ಕೊಂಕು ತೆಗೆಯುವ ಹುಡುಗಿ ಹೀಗಾದರೆ ನನಗೆ ಭಯ. ಏನು ಮಾಡಲಿ, ನೀವೇ ಹೇಳಿ.

ಅತ್ತಿಗೆಗೆ ನನ್ನ ನಮಸ್ಕಾರ, ಅವರ ಮೊಮ್ಮಗುವಿಗೊಂದು ಮುತ್ತು. ನೀವು ರಾತ್ರಿ ಮೊಸರು ತಿನ್ನಬೇಡಿ, ಕೆಮ್ಮು ಬರುತ್ತದೆ.

ನಿಮ್ಮ
ವೇದಾ

ತಾ.ಕ.: ಈ ಕಾಗದದ ಫೋಟೋ ತೆಗೆಯುವ ಮುನ್ನವೇ ತಡೆಯಲಾಗದೆ ಅವಳಿಗೆ ಹೇಳಿಬಿಟ್ಟೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. "ಸೋ ಇಟ್ ವಾಸಂಟ್ ಮೀ?" ಎಂದು ಮತ್ತೆ ಮತ್ತೆ ಕೇಳಿ ನನ್ನ ಹೆಗಲ ಮೇಲೆ ಅತ್ತಳು. ಈಗ ಹೊಸ ಕಂಬ ಕತ್ತರಿಸುತ್ತಿದ್ದಾಳೆ. ಯಂತ್ರದ ಪ್ಲಗ್ಗಿನೊಳಗಿನ ಫ್ಯೂಸ್ ಬಿಚ್ಚಿ ನನ್ನ ಪರ್ಸಿನಲ್ಲಿಟ್ಟಿದ್ದೇನೆ, ಅವಳಿಗೂ ಗೊತ್ತು. ನೀವು ಬಂದು ಅವಳ ಪಕ್ಕ ನಿಲ್ಲುವವರೆಗೆ ಕೊಡುವುದಿಲ್ಲ. ಶುಕ್ರವಾರದೊಳಗೆ ಬನ್ನಿ.