ಸ್ವಲ್ಪ ಚಳಿ ಬೇಕಿತ್ತು

ಮಹಡಿ ಮನೆಯ ಮಾಲೀಕರಿಗೆ ಕೆಳಮನೆಯವಳ ನಮಸ್ಕಾರ.

ಮನೆ ಬೆಚ್ಚಗಿಡುವ ಹೀಟ್ ಪಂಪಿಗೆ ನೀವು ಹಾಕಿಸಿದ ಮೇಣದ ಪೆಟ್ಟಿಗೆ ಸೊಗಸಾಗಿ ಕೆಲಸ ಮಾಡುತ್ತಿದೆ. ಮೊದಲೆಲ್ಲ ಹೊರಗಿನ ಯಂತ್ರ ತನ್ನ ಮೈಮೇಲಿನ ಹಿಮ ಕರಗಿಸಿಕೊಳ್ಳಲು ನಮ್ಮ ಕೋಣೆಯ ಬಿಸಿಯನ್ನೇ ಎಳೆದುಕೊಂಡು ನಮ್ಮನ್ನು ಚಳಿಗೆ ನಡುಗಿಸುತ್ತಿತ್ತು. ಈಗ ಮೇಣದಲ್ಲಿ ಕೂಡಿಟ್ಟ ಬಿಸಿಯೇ ಅದಕ್ಕೆ ಸಾಕು. ಒಳಗೆ ಚಳಿಯ ಸುಳಿವೇ ಇಲ್ಲ.

ಅದೇ ನೋಡಿ ನಮ್ಮ ತಕರಾರು. ಮುಖ ಕೊಟ್ಟು ಮಾತಾಡದ ಅತ್ತೆಯೂ ನಾನೂ ಆ ಚಳಿಗೆ ಒಂದೇ ಕಂಬಳಿಯಲ್ಲಿ ಮುದುರಿ ಕೂತು ಹರಟಲು ಶುರುಮಾಡಿದ್ದೆವು. ನಿನ್ನೆ ಅವರು ಕಂಬಳಿ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮಿಷಿನ್ ಕೆಟ್ಟೋಯ್ತೇನೇ? ಚಳಿನೇ ಆಗ್ತಿಲ್ವಲ್ಲ!" ಎಂದರು.

ಪೆಟ್ಟಿಗೆಗೊಂದು ಸ್ವಿಚ್ ಹಾಕಿಸಿಕೊಡಿ. ಭಾನುವಾರದ ಮಟ್ಟಿಗೆ ಆಫ್ ಮಾಡಿಕೊಳ್ಳುತ್ತೇವೆ.

ಇಂತಿ,
ಬರೆಯುತ್ತಿರುವ ಸೊಸೆ,
ಪಕ್ಕದಲ್ಲೇ ಕೂತು ಬರೆಸುತ್ತಿರುವ ಅತ್ತೆ