ಎರಡನೇ ಗುಂಪಿನ ಮಕ್ಕಳು

ಜೂನ್ 9, ಸೋಮವಾರ

ಪುಣೆಯಿಂದ ಲೋಣಾವಳಾ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ಆಶ್ಚರ್ಯ. ತಳೇಗಾಂವದಲ್ಲಿ ಇಳಿದು ಶೇರ್ ರಿಕ್ಷಾ. ನಾಲ್ಕನೇ ಕಟ್ಟಡದ ಸೈಟಿನಲ್ಲಿ ಇಂದು ಕೂಲಿಯವರ ಮಕ್ಕಳ ಎತ್ತರ, ತೂಕ ಮಾತ್ರ. ತೂಕದ ಯಂತ್ರ ಮತ್ತೆ ಕೈಕೊಟ್ಟಿತು, ಸೆಲ್ ಬದಲಾಯಿಸಬೇಕು. ಟೆಸ್ಟ್ ತಿಂಗಳ ಕೊನೆಗೆ. ಅದೇ ಕೊನೆಯ ಸುತ್ತು.

ಒಂದೂವರೆ ವರ್ಷದಿಂದ ಮೂರು ತಿಂಗಳಿಗೊಮ್ಮೆ ಬರುತ್ತಿದ್ದೇನೆ. ಚಿತ್ರದ ಕಾರ್ಡು ತೋರಿಸು, ಮಣಿ ಪೋಣಿಸಲು ಹೇಳು, ಟ್ಯಾಬ್‌ನಲ್ಲಿ ಗುರುತು ಹಾಕು, ಹೊರಡು. ಆರು ಸೈಟುಗಳಲ್ಲಿ ಮೂರಕ್ಕೆ ನಮ್ಮ ಸಂಸ್ಥೆಯ ಬಾಲವಾಡಿ ಇದೆ. ಕನ್ನಡದಲ್ಲೇ ಹಾಡು, ಕಥೆ, ಜೊತೆಗೆ ಊಟ. ಉಳಿದ ಮೂರಕ್ಕೆ ಏನೂ ಇಲ್ಲ — ಬಾಲವಾಡಿ ಕಂಡ ಮಕ್ಕಳಿಗೂ ಕಾಣದವರಿಗೂ ಎಷ್ಟು ವ್ಯತ್ಯಾಸ ಎಂದು ತಿಳಿಯಬೇಕಲ್ಲ. ಬಾಲವಾಡಿ ಕಾಣದ ಇವರು ಎರಡನೇ ಗುಂಪು. ಜುಲೈಯಿಂದ ಇವರಿಗೂ ಬಾಲವಾಡಿ ಎಂದು ಮೊದಲ ದಿನವೇ ಮಾತು ಕೊಟ್ಟು ತಾಯಂದಿರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇವೆ.

ಹೊರಡುವಾಗ ಮರೆಮ್ಮ ತಡೆದಳು. ಯಾದಗಿರಿ ಕಡೆಯವಳು, ಬುಟ್ಟಿ ಹೊರುತ್ತಾಳೆ. ಮಗಳು ಅನುಸೂಯಾಗೆ ಐದು ತುಂಬುತ್ತಿದೆ.

"ಅಕ್ಕೋರೆ, ಸಾಲಿ ಖರೇನೇ ಜುಲೈದಾಗ ಸುರು ಆತದೇನ್ರಿ? ನನ್ನ ಗಂಡ ಕುರಕುಂಭದಾಗ ಕೆಲಸ ಹಿಡಿದಾನ. ಅಲ್ಲಿ ಇಬ್ಬರಿಗೂ ಕೆಲಸ ಅದ, ಬಾ ಅಂತಾನ. ಸಾಲಿ ಸುರು ಆಗೋದಿದ್ರ ನಾ ಹೋಗಂಗಿಲ್ಲ."

"ಆಗ್ತದ. ಇರ್ರಿ," ಅಂದೆ.

ಎಷ್ಟು ಖಾತ್ರಿಯಿಂದ ಅಂದೆ!

ಜೂನ್ 24, ಮಂಗಳವಾರ

ಸಂಸ್ಥೆಯ ಮುಖ್ಯಸ್ಥ ಅಪ್ಪಾಸಾಹೇಬ ಸರ್ ಕ್ಯಾಬಿನ್ನಿಗೆ ಕರೆದರು. ಎದುರಿಗೆ ಲ್ಯಾಪ್‌ಟಾಪ್. ಅದನ್ನು ನನ್ನ ಕಡೆ ತಿರುಗಿಸಿದರು.

ಹಣ ಕೊಡುವ ಫಂಡರ್‌ನಿಂದ ಮೇಲ್. ನಮ್ಮ ಕೆಲಸಕ್ಕೆ ಮೆಚ್ಚುಗೆ — ಎರಡು ಪ್ಯಾರಾ. ಮುಂದಿನ ವರ್ಷದಿಂದ ಅವರ ಆದ್ಯತೆ ಬದಲು. ಹೈಸ್ಕೂಲು ಮಕ್ಕಳು, ಡಿಜಿಟಲ್ ಕೌಶಲ. ಆರು ವರ್ಷದೊಳಗಿನವರಿಗೆ ಇನ್ನು ಇಲ್ಲ. ಬಾಲವಾಡಿಗಳು ಜುಲೈ ಹದಿನೈದಕ್ಕೆ ಬಂದ್. ಕೊನೆಯ ಸುತ್ತಿನ ಡೇಟಾ ಮಾತ್ರ ಪೂರ್ತಿ ಬೇಕು.

"ಮತ್ತ ಎರಡನೇ ಗುಂಪು, ಸರ್?"

"ಅದಕ್ಕ ಇನ್ನಾ ರೊಕ್ಕಾನೇ ಬಂದಿದ್ದಿಲ್ಲ, ತ್ರಿವೇಣಿ."

ಬೆಳಗಾವಿಯಿಂದ ಪುಣೆಗೆ ಬಂದು ಹದಿನಾಲ್ಕು ವರ್ಷ ಇದೇ ಕೆಲಸಕ್ಕೆ ತೇದವರು. ಅವರ ಮೇಲೆ ಸಿಟ್ಟಾಗಲು ನೋಡಿದೆ. ಆಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಜೂನ್ 25

ಕೇಳಿದೆ — ಒಂದೇ ಸೈಟಿಗಾದರೂ? ಒಂದೇ ಟೀಚರ್, ಅರ್ಧ ದಿನ? ಸರ್ ನನ್ನ ಮುಂದೆಯೇ ಫೋನ್ ಮಾಡಿದರು. ಫಂಡರ್ ಕಡೆಯ, ದಿಲ್ಲಿಯ ಯಾರೋ ಹುಡುಗಿ. ತುಂಬ ವಿನಯ. ಆಗುವುದಿಲ್ಲ.

ಆಮೇಲೆ ಸರ್ ಹೇಳಿದ್ದು: "ಟೆಸ್ಟ್ ಮುಗಿಯೂತನಕ ಅಲ್ಲಿ ಏನೂ ಹೇಳಬ್ಯಾಡ್ರಿ. ಗೊತ್ತಾದ್ರ ಒಬ್ಬರೂ ಮಕ್ಕಳನ್ನ ಕಳಸಂಗಿಲ್ಲ. ಅಷ್ಟೂ ಕೆಲಸ ಹಾಳಾಗ್ತದ."

"ಇದು ಸರಿ ಏನ್ರಿ, ಸರ್?"

"ಅಲ್ಲ," ಅಂದರು.

ಜೂನ್ 27, ಶುಕ್ರವಾರ

ಟೆಸ್ಟ್ ಮುಗಿಯಿತು. ನಾಲ್ಕನೇ ಸೈಟಿನಲ್ಲಿ ಹದಿಮೂರು ಮಕ್ಕಳು. ಎಲ್ಲರೂ ತಲೆ ಬಾಚಿಕೊಂಡು ಬಂದಿದ್ದರು.

ಹೇಳಲಿಲ್ಲ.

ಒಂದು ಕಾರ್ಡಿನಲ್ಲಿ ಚಾಪೆಯ ಮೇಲೆ ಕೂತ ಮಕ್ಕಳು, ನಿಂತಿರುವ ಟೀಚರ್. ಏನು ಕಾಣುತ್ತದೆ ಎಂದು ಕೇಳಬೇಕು. ಅನುಸೂಯಾ ಒಂದು ಕ್ಷಣವೂ ಯೋಚಿಸಲಿಲ್ಲ.

"ನಮ್ಮ ಸಾಲಿ."

ಪೂರ್ಣ ಅಂಕ ಕೊಟ್ಟೆ. ನಿಯಮದ ಪ್ರಕಾರವೇ.

ಮರೆಮ್ಮ ಚಹಾ ತಂದಳು. ಕುಡಿದೆ. ಗಂಡ ಒಬ್ಬನೇ ಕುರಕುಂಭಕ್ಕೆ ಹೋದನಂತೆ, ಜಗಳ ಮಾಡಿಕೊಂಡು. ಇವಳು ಉಳಿದಿದ್ದಾಳೆ. ನನ್ನ ಮಾತಿಗೆ.

ಜುಲೈ 2, ಬುಧವಾರ

ಇಂದು ಹೇಳಿದೆ. ಡೇಟಾ ಅಪ್‌ಲೋಡ್ ಆದ ಮೇಲೆ. ಅಷ್ಟು ವಿಧೇಯಳು ನಾನು.

ಸೈಟೆಲ್ಲ ರಾಡಿ. ಹೆಂಗಸರು ತಗಡಿನ ಶೆಡ್ಡಿನ ಕೆಳಗೆ ಊಟಕ್ಕೆ ಕೂತಿದ್ದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

"ಸಾಲಿ ಸುರು ಆಗಂಗಿಲ್ಲ."

ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ನಕ್ಕಳು, ಗೊತ್ತಿತ್ತು ಎನ್ನುವಂತೆ. ಮರೆಮ್ಮ ಒಬ್ಬಳೇ ಕೇಳಿದ್ದು.

"ಈ ತಿಂಗಳ ಇಲ್ಲೇನ್ರಿ?"

"ಆಗೋದೇ ಇಲ್ಲ, ಮರೆಮ್ಮಾ."

ಹತ್ತಿರ ಸರಿದಳು. ಆಮೇಲೆ ದನಿ ತಗ್ಗಿಸಿ — ಬೇರೆಯವರಿಗೆ ಕೇಳಿಸಬಾರದು ಎನ್ನುವ ಹಾಗೆ —

"ನಮ್ಮ ಅನುಸೂಯಾ ಪರೀಕ್ಷಿದಾಗ ಏನರ ತಪ್ಪ ಹೇಳಿದ್ಳೇನ್ರಿ?"

"ಇಲ್ಲರೀ! ಭಾಳ ಚೆಂದ ಹೇಳ್ಯಾಳ."

"ಮತ್ಯಾಕ?"

"ರೊಕ್ಕ ಕೊಡಾವ್ರು ನಿಲ್ಲಿಸ್ಯಾರ."

"ಪರೀಕ್ಷಿ ಮಾಡಾಕ ಇತ್ತಲ್ರಿ ರೊಕ್ಕ."

ವ್ಯಂಗ್ಯ ಇರಲಿಲ್ಲ. ನಿಜವಾಗಿ ತಿಳಿಯದೇ ಕೇಳಿದ್ದು. ಊಟ ಅಲ್ಲಿಗೇ ಬಿಟ್ಟಳು. ಡಬ್ಬಿ ಮುಚ್ಚಿ, ಸಿಂಬೆ ತಲೆಗಿಟ್ಟು, ಬುಟ್ಟಿ ಎತ್ತಿಸಿಕೊಂಡು ಹೋದಳು.

ಜುಲೈ 7

ಸೈಟ್ ಇಂಜಿನಿಯರ್ ಸ್ವಪ್ನಿಲ್‌ನನ್ನು ಕಂಡೆ. ಭಾನುವಾರ ನಾನೇ ಬಂದು ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ, ಸಂಬಳ ಬೇಡ, ಬರೀ ಒಂದು ಶೆಡ್ಡು ಕೊಡಿ ಎಂದೆ. ಮರಾಠಿಯಲ್ಲಿ ಎಷ್ಟು ಮೆತ್ತಗೆ ಕೇಳಲು ಬರುತ್ತದೋ ಅಷ್ಟು ಮೆತ್ತಗೆ. ಸಂಸ್ಥೆಯ ಪತ್ರ ಬೇಕಂತೆ, ವಿಮೆ ಬೇಕಂತೆ. ಮಗುವಿಗೆ ಏನಾದರೂ ಆದರೆ ತನ್ನ ನೌಕರಿ ಹೋಗುತ್ತದಂತೆ. ಅವನದೂ ಸುಳ್ಳಲ್ಲ.

ಸರ್‌ಗೆ ಪತ್ರ ಕೇಳಿದೆ. ಯೋಜನೆಯೇ ಮುಗಿದ ಮೇಲೆ ಯಾವ ಹೆಸರಲ್ಲಿ ಕೊಡಲಿ ಅಂದರು.

ಹತ್ತಿರದ ಅಂಗನವಾಡಿ ಹೆದ್ದಾರಿಯ ಆಚೆ. ನಡೆದು ನೋಡಿದೆ. ಟ್ರಕ್ಕುಗಳ ನಡುವೆ ದಾಟಲು ನನಗೇ ಹತ್ತು ನಿಮಿಷ ಹಿಡಿಯಿತು.

ಜುಲೈ 15

ಮೂರೂ ಬಾಲವಾಡಿ ಬಂದ್. ಒಂದರಲ್ಲಿ ಇದ್ದೆ. ಟೀಚರ್ ಉಮಾವತಿ ಗೋಡೆಯ ಚಿತ್ರಗಳನ್ನು ಬಿಚ್ಚಿ ಮಕ್ಕಳ ಕೈಗೇ ಕೊಟ್ಟಳು. ಅವರಿಗೆ ಖುಷಿ. ಕುಣಿಯುತ್ತ ಮನೆಗೆ ಒಯ್ದರು.

ಬರುವಾಗ ನಾಲ್ಕನೇ ಸೈಟಿಗೆ ಹೋದೆ. ಮರೆಮ್ಮ ಇಲ್ಲ. ಶನಿವಾರವೇ ಮಗಳನ್ನು ಕರೆದುಕೊಂಡು ಕುರಕುಂಭಕ್ಕೆ ಹೋದಳಂತೆ.

ಜುಲೈ 29

ರಿಪೋರ್ಟ್ ಬಂದಿದೆ. ವ್ಯತ್ಯಾಸ ದೊಡ್ಡದು. ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಬಾಲವಾಡಿಯ ಮಕ್ಕಳು ಮಾತಿನಲ್ಲಿ, ಎಣಿಕೆಯಲ್ಲಿ, ಎಲ್ಲದರಲ್ಲೂ ಮುಂದೆ. ಎರಡನೇ ಗುಂಪು ಎಷ್ಟು ಹಿಂದೆ ಎಂಬುದಕ್ಕೆ ಚೆಂದದ ಗ್ರಾಫ್.

ಸರ್ ಮಕ್ಕಳ ಹಾಗೆ ಹಿಗ್ಗಿದರು. ಆಮೇಲೆ ನೆನಪಾಗಿರಬೇಕು. ಕಿಟಕಿಯ ಹತ್ತಿರ ಹೋಗಿ ನಿಂತರು.

ಆಗಸ್ಟ್ 4, ಸೋಮವಾರ, ಮಧ್ಯಾಹ್ನ 3

ನನ್ನ ಕೊನೆಯ ವಾರ. ಮುಂದೆ ಏನು, ಗೊತ್ತಿಲ್ಲ. ಟ್ಯಾಬ್ ಒಪ್ಪಿಸಿದೆ, ಕಾರ್ಡುಗಳನ್ನು ಕಪಾಟಿನಲ್ಲಿಟ್ಟೆ.

ಮರೆಮ್ಮನಿಗೆ ಫೋನ್ ಮಾಡಿದೆ. ಯಾರೂ ಮಾಡು ಅಂದಿರಲಿಲ್ಲ. ತಪ್ಪಾಯಿತು ಅನ್ನಬೇಕಿತ್ತು. ಬೈದರೆ ಬೈಸಿಕೊಳ್ಳೋಣ ಎಂದಿತ್ತು.

ಬೈಯಲಿಲ್ಲ. ನನ್ನ ದನಿ ಕೇಳಿ ಭಾಳ ಸಂತೋಷಪಟ್ಟಳು. ಅಲ್ಲಿ ಕೆಲಸ ಇದೆಯಂತೆ, ಸುತ್ತಲಿನ ಕೆಮಿಕಲ್ ಫ್ಯಾಕ್ಟರಿಗಳಿಂದ ಗಾಳಿ ಮಾತ್ರ ಘಾಟು. ಅನುಸೂಯಾ ಈಗ ಪಕ್ಕದ ಶೆಡ್ಡಿನವರ ಕೂಸು ನೋಡಿಕೊಳ್ಳುತ್ತಾಳಂತೆ, ದಿನವಿಡೀ. ಐದು ವರ್ಷದವಳು.

"ತಪ್ಪಾತು, ಮರೆಮ್ಮಾ. ನಾ ಇರ್ರಿ ಅಂದಿದ್ದೆ."

"ನಿಮ್ಮ ಕೈಯಾಗ ಏನದ ಬಿಡ್ರಿ, ಅಕ್ಕೋರೆ." ಆಮೇಲೆ, ಹಿಂಜರಿಯುತ್ತ: "ದೀಪಾವಳಿ ಆದಮ್ಯಾಲರ ಸುರು ಆತದೇನ್ರಿ? ಆಗೋದಿದ್ರ ಹೇಳ್ರಿ. ನಾ ಗಂಡಗ ಹೇಳಿ ತಿರುಗಿ ಬರ್ತೀನಿ."

ಇಲ್ಲ ಎನ್ನಲು ಬಾಯಿ ತೆರೆದೆ. ಆ ಕಡೆ ಕೂಸು ಅಳುತ್ತಿತ್ತು, ಅನುಸೂಯಾ ಅದನ್ನು ರಮಿಸುತ್ತಿದ್ದಳು.

"ನೋಡೋಣ್ರಿ," ಅಂದುಬಿಟ್ಟೆ.

ಅವಳಿಗೆ ಅದು 'ಹೌದು' ಎಂದೇ ಕೇಳಿಸಿರುತ್ತದೆ. ಫೋನ್ ಇಡುವಾಗ ಅವಳು ಅಂದ 'ಆಯ್ತ್ರಿ'ಯಲ್ಲೇ ಗೊತ್ತಾಯಿತು. ಈಗಲೇ ಮತ್ತೆ ಫೋನ್ ಮಾಡಬೇಕು. ಹೇಳಬೇಕು. ಮಾಡಿದೆ, ರಿಂಗ್ ಆಗುತ್ತಿದೆ. ಎತ್ತಿದರೆ ಮೊದಲ ಮಾತೇ 'ಇಲ್ಲ'.